ಒಪ್ಪಿಗೆ ಪತ್ರಕ್ಕೆ ಸೈನ್ ಹಾಕೋ ಮುಂಚೆ ಹಾರೆ ತಗೊಂಡು ಹೋಗಿ

ಗಣಿಯವರಿಗೆ ಜಮೀನು ಬಿಟ್ಟುಕೊಟ್ಟವರು ಇದನ್ನು ಓದಿ. "ನನ್ನ ಜಮೀನನ್ನು ಸರಿ ಮಾಡಿ ಕೊಟ್ಟಿದ್ದಾರೆ, ನನ್ನ ತಕರಾರಿಲ್ಲ" ಅನ್ನುವ ಒಂದೇ ಒಂದು ಹಾಳೆಗೆ ಸೈನ್ ಹಾಕಿ ನಾನು ಮೂರೂವರೆ ಎಕರೆ ಕೆಡಿಸಿಕೊಂಡಿದ್ದೇನೆ.

ನಮ್ಮದು ಚಿಕ್ಕನಾಯಕನಹಳ್ಳಿ ಕಡೆಯ ಊರು. ಹೊಲದ ಪಕ್ಕದಲ್ಲೇ ಅದಿರಿನ ಗಣಿ. ಅಗೆದ ಮಣ್ಣು ಸುರಿಯೋಕೆ, ಟಿಪ್ಪರ್ ಓಡಾಡೋಕೆ ನಮ್ಮ ಹೊಲ ಕೇಳಿದರು. ಕೊಟ್ಟೆವು. ಕೆಲಸ ಮುಗಿದ ಮೇಲೆ ರಾಶಿ ತೆಗೆದು, ಮೇಲ್ಮಣ್ಣು ಹರಡಿ, ಉಳುವ ಹಾಗೆ ಮಾಡಿಕೊಡಬೇಕು ಅಂತ ಕರಾರಿನಲ್ಲಿತ್ತು. ಅದಕ್ಕೆ ಭದ್ರತೆ ಅಂತ 8 ಲಕ್ಷದ ಬ್ಯಾಂಕ್ ಗ್ಯಾರಂಟಿ, ಅಂದರೆ ಅವರು ಮಾತು ತಪ್ಪಿದರೆ ಬ್ಯಾಂಕೇ ನನಗೆ ಹಣ ಕೊಡುತ್ತೆ ಅನ್ನುವ ಪತ್ರ. ನಾನು ಒಪ್ಪಿಗೆ ಪತ್ರ ಕೊಟ್ಟರೆ ಮಾತ್ರ ಅದು ಅವರಿಗೆ ವಾಪಸ್. ಗಣಿ ಮುಚ್ಚುವ ಕೆಲಸಕ್ಕೆ ಅವರು ಸರ್ಕಾರಕ್ಕೆ ಇಡುವ ಭದ್ರತೆ ಬೇರೆ. ಅದರಲ್ಲಿ ನಮ್ಮಂಥವರ ಮಾತು ನಡೆಯೋದಿಲ್ಲ. ನನ್ನ ಕೈಲಿದ್ದ ಹಿಡಿತ ಆ 8 ಲಕ್ಷ ಒಂದೇ.

ಶಿವರಾತ್ರಿ ಕಳೆದ ವಾರ ಮ್ಯಾನೇಜರ್ ಜೀಪ್ ತಂದರು. "ನೋಡಿ ಯಜಮಾನ್ರೇ, ಪಾರ್ಕ್ ಆಗೋಗಿದೆ ನಿಮ್ ಹೊಲ." ನಿಜ ಹೇಳಬೇಕಂದ್ರೆ ನೋಡೋಕೆ ಚೆನ್ನಾಗೇ ಇತ್ತು. ಕೆಂಪಗೆ ಸಮತಟ್ಟು ನೆಲ, ಅಂಚಿಗೆ ಸಾಲಾಗಿ ಹೊಂಗೆ, ಬೇವಿನ ಸಸಿ. ರಸ್ತೆ ಕಡೆಯಿಂದ ಐವತ್ತು ಹೆಜ್ಜೆ ನಡೆದಿರಬಹುದು, ಬಿಸಿಲು ಜಾಸ್ತಿ ಅಂತ ಜೀಪಿಗೆ ವಾಪಸ್ ಬಂದೆವು. ಗ್ಯಾರಂಟಿ ಅವಧಿ ಆ ತಿಂಗಳೇ ಮುಗಿಯುತ್ತೆ, ಮತ್ತೆ ಮಾಡಿಸೋಕೆ ಬ್ಯಾಂಕಿಗೆ ಸುಮ್ನೆ ಕಮಿಷನ್ ದಂಡ ಅಂದರು. ಬಾನೆಟ್ ಮೇಲೆ ಹಾಳೆ ಇಟ್ಟುಕೊಂಡೇ ಸೈನ್ ಹಾಕಿದೆ. ಅವರ ಕಮಿಷನ್ ಉಳಿಸೋಕೆ ನನಗ್ಯಾಕೆ ಅಷ್ಟು ಅವಸರ ಇತ್ತೋ!

ಭರಣಿ ಮಳೆ ಎರಡು ಹದ ಆಯಿತು. ಹೋಗಿ ನೋಡಿದರೆ ಹೊಲದ ಮಧ್ಯೆ ಮಂಡಿಯುದ್ದ ಕೊರಕಲು. ಕೊರಕಲಿನ ಬದಿಯಲ್ಲಿ ಎಲ್ಲಾ ಕಾಣುತ್ತಿತ್ತು. ಮೇಲೆ ನಾಲ್ಕು ಬೆರಳು ಕೆಮ್ಮಣ್ಣು, ಕೆಳಗೆ ಬರೀ ಗಣಿಯ ಕಲ್ಲುಪುಡಿ. ರಾಶಿ ಸಾಗಿಸಿಯೇ ಇರಲಿಲ್ಲ, ಅಲ್ಲೇ ಹರಡಿ ಮೇಲೆ ಮಣ್ಣು ಉದುರಿಸಿದ್ದರು. ಟಿಪ್ಪರ್ ಓಡಾಡಿದ ಜಾಗ ಸಿಮೆಂಟಿನ ಹಾಗೆ ಗಟ್ಟಿ, ನೀರು ಇಂಗದೆ ಮೇಲೇ ನಿಂತಿತ್ತು. ಅಂಥ ನೆಲವನ್ನು ಮೊದಲು ಆಳವಾಗಿ ಸೀಳಿಸಿ ಆಮೇಲೆ ಮಣ್ಣು ಹರಡಬೇಕು. ಒಣಗಿದ ಸಸಿಗಳನ್ನು ಕಿತ್ತೆ. ಅರ್ಧಕ್ಕರ್ಧ ಸಸಿಗಳ ಬೇರಿಗೆ ನರ್ಸರಿಯ ಪ್ಲಾಸ್ಟಿಕ್ ಚೀಲ ಹಾಗೇ ಇತ್ತು! ನಾವು ನೋಡೋಕೆ ಬರ್ತೀವಿ ಅಂತ ಹಿಂದಿನ ವಾರ ಚುಚ್ಚಿದ್ದು ಅಷ್ಟೆ.

ಆಫೀಸಿಗೆ ಹೋದರೆ ನನ್ನದೇ ಸೈನ್ ತೋರಿಸಿದರು. ವಕೀಲರೂ ಅದನ್ನೇ ನೋಡಿ ತಲೆ ಕೆರೆದುಕೊಂಡರು.

ಹಾಗಾಗಿ ಬೇಸಿಗೆಯಲ್ಲಿ ತೋರಿಸಿದರೆ ಒಪ್ಪಬೇಡಿ. ಒಂದು ಮಳೆಗಾಲ, ಒಂದು ಬೇಸಿಗೆ ಎರಡೂ ಕಳೆಯಲಿ ಅನ್ನಿ. ಗ್ಯಾರಂಟಿ ತೇದಿ ಹತ್ತಿರ ಬಂತಾ? ಮುಂದುವರಿಸಲಿ, ಅದು ಅವರ ಖರ್ಚು. ಮುಂದುವರಿಸದಿದ್ದರೆ ಅವಧಿ ಮುಗಿಯೋ ಮೊದಲೇ ಬ್ಯಾಂಕಿಗೆ ಬರೆದು ಹಣ ಕೇಳಿ. ತೇದಿ ದಾಟಿದರೆ ಅದು ರದ್ದಿ ಕಾಗದ. ಅಮೆರಿಕದಲ್ಲಿ ಕಲ್ಲಿದ್ದಲು ಗಣಿಗಳಿಗೆ 1977ರಿಂದ ಇಂಥದ್ದೇ ಬಾಂಡ್ ಕಾನೂನಿದೆ. ಕೊನೆಯ ಸಲ ಬಿತ್ತಿ, ಗೊಬ್ಬರ ಹಾಕಿದ ಮೇಲೂ ಐದು ವರ್ಷ, ಮಳೆ ಕಡಿಮೆ ಇರುವ ಕಡೆ ಹತ್ತು ವರ್ಷ ಹೊಣೆ ಗಣಿಯವರದ್ದೇ. ಬಾಂಡ್ ಬಿಡುವ ಮುಂಚಿನ ಪರಿಶೀಲನೆಗೆ ಜಮೀನಿನವರನ್ನೂ ಕರೆಯುತ್ತಾರೆ. ನಾನು ಒಂದು ಮಳೆಗೂ ಕಾಯಲಿಲ್ಲ.

ನೋಡೋಕೆ ಹೋಗುವಾಗ ಹಾರೆ, ಗುದ್ದಲಿ ಇರಲಿ. ರಸ್ತೆ ಪಕ್ಕ ಅಲ್ಲ, ನಡು ಹೊಲದಲ್ಲಿ, ತಗ್ಗಿನಲ್ಲಿ, ಟಿಪ್ಪರ್ ದಾರಿಯಲ್ಲಿ ಮೊಣಕಾಲುದ್ದ ಗುಂಡಿ ತೆಗೆಸಿ. ಮೇಲ್ಮಣ್ಣು ಎಷ್ಟು ಇಂಚು ಅಂತ ಕರಾರಿನಲ್ಲೇ ಬರೆಸಿರಬೇಕು, ನಾನು ಬರೆಸಿರಲಿಲ್ಲ. ನಾಲ್ಕು ಸಸಿ ಕಿತ್ತು ನೋಡಿ. ಅವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಮಳೆ ನೀರು ಹೋಗುವ ಕಾಲುವೆ ಎಲ್ಲಿಗೆ ಸೇರುತ್ತೆ ಅಂತ ಕೊನೆವರೆಗೂ ನಡೆದು ನೋಡಿ. ನನ್ನ ಹೊಲದ್ದು ಪಕ್ಕದವರ ತೆಂಗಿನ ತೋಟಕ್ಕೆ ಬಿಟ್ಟಿತ್ತು, ಆ ಜಗಳ ಇನ್ನೂ ಮುಗಿದಿಲ್ಲ. ಬಾಂದು ಕಲ್ಲು ಇದ್ದಲ್ಲೇ ಇದೆಯಾ ನೋಡಿ. ಜಮೀನು ಕೊಡುವ ಮುಂಚಿನ ಫೋಟೋ, ಮಣ್ಣು ಪರೀಕ್ಷೆ ಚೀಟಿ ಎರಡೂ ಇಟ್ಟುಕೊಂಡಿರಿ. ಸರಿಯಿಲ್ಲದ್ದನ್ನು ಅಲ್ಲೇ ಬರೆದು, ಅವರ ಸೈನ್ ನೀವು ತಗೊಳ್ಳಿ.

ಈ ವರ್ಷ ನನ್ನ ಖರ್ಚಿನಲ್ಲೇ ಅರ್ಧ ಎಕರೆಗೆ ಕೆರೆ ಗೋಡು ಹೊಡೆಸಿ ಹುರುಳಿ ಚೆಲ್ಲಿದ್ದೇನೆ. ಮಿಕ್ಕ ಮೂರು ಎಕರೆ ಹಾಗೇ ಬಿದ್ದಿದೆ.