ನೋಕಿಯಾ 6300: ಬಹಳ ವರ್ಷ ಬಳಸಿದ ಮೇಲೆ ನನ್ನ ಅನಿಸಿಕೆ

ಇವತ್ತಿಗೂ ನನ್ನ ಅಂಗಡಿಯ ಕಾಲ್‌ಗಳೆಲ್ಲ ಬರುವುದು ನೋಕಿಯಾ 6300ಗೇ. ಬೆಂಗಳೂರಿನ ಡಿ.ವಿ.ಜಿ. ರಸ್ತೆಯಲ್ಲಿ ನನ್ನದೊಂದು ಸ್ಟೇಷನರಿ ಅಂಗಡಿ ಇದೆ. ಸ್ಮಾರ್ಟ್‌ಫೋನ್ ಕೂಡ ಇದೆ, ಆದರೆ ಅದು ಗಲ್ಲಾ ಪಕ್ಕದಲ್ಲಿ ಚಾರ್ಜಿಗೆ ಹಾಕಿದ ಹಾಗೇ ಇರುತ್ತದೆ. ಜೇಬಿನಲ್ಲಿ ಇರುವುದು ಈ ಹಳೇ ಕೀಪ್ಯಾಡ್ ಫೋನ್. ಈಚೆಗೆ ಸುಮಾರು ಜನ ಇದನ್ನು ನೋಡಿ ವಿಚಾರಿಸುತ್ತಾರೆ. ಕೆಲವರಿಗೆ ಮೊಬೈಲ್ ಚಟ ಕಮ್ಮಿ ಮಾಡಿಕೊಳ್ಳಬೇಕು, ಕೆಲವರಿಗೆ ಮನೆಯ ಹಿರಿಯರಿಗೆ ಒಂದು ಸುಲಭದ ಫೋನ್ ಬೇಕು. ಅಂಥವರಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಈ ಫೋನನ್ನು ಘೋಷಿಸಿದ್ದು 2006ರ ನವೆಂಬರಿನಲ್ಲಿ. ಮಾರುಕಟ್ಟೆಗೆ ಬಂದಿದ್ದು 2007ರ ಶುರುವಿನಲ್ಲಿ. ಆಗ ಇದು ಸ್ಲಿಮ್ ಫೋನ್ ಅಂತಲೇ ಹೆಸರುವಾಸಿ. ದಪ್ಪ 11.7 ಮಿಲಿಮೀಟರ್. ಈಗಿನ ಸ್ಮಾರ್ಟ್‌ಫೋನ್‌ಗಳು ಹೆಚ್ಚುಕಮ್ಮಿ 8 ಮಿಲಿಮೀಟರ್ ಇರುತ್ತವೆ. ಹಾಗೆ ನೋಡಿದರೆ ಇದೇ ಜಾಸ್ತಿ ದಪ್ಪ, ಅಲ್ವಾ? ಆದರೆ ಕೈಗೆ ತೆಗೆದುಕೊಂಡ ತಕ್ಷಣ ಈ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಇದರ ಅಗಲ 43.6 ಮಿಲಿಮೀಟರ್ ಅಷ್ಟೇ. ತೂಕ 91 ಗ್ರಾಂ. ಫೋನನ್ನು ಮುಷ್ಟಿಯಲ್ಲಿ ಹಿಡಿದರೆ ಹೆಬ್ಬೆರಳು, ನಡುಬೆರಳು ಆರಾಮಾಗಿ ಒಂದನ್ನೊಂದು ಮುಟ್ಟುತ್ತವೆ. ಶರ್ಟಿನ ಜೇಬಿಗೆ ಹಾಕಿಕೊಂಡು ಬಗ್ಗಿದರೆ ಜೇಬು ಜೋತು ಬೀಳುವುದಿಲ್ಲ. ನೋಟ್‌ಬುಕ್ ಕಟ್ಟು ಎತ್ತಿ ಇಳಿಸುವ ಕೆಲಸ ಮಾಡುವವರಿಗೆ ಇದು ಸಣ್ಣ ವಿಷಯ ಅಲ್ಲ. ತೆಳು ಅನ್ನುವುದನ್ನು ಬರೀ ದಪ್ಪದಲ್ಲಿ ಅಳೆಯಬಾರದು, ಅಗಲ ಮತ್ತು ತೂಕದಲ್ಲೂ ಅಳೆಯಬೇಕು ಅಂತ ನನಗೆ ಅನ್ನಿಸಿದ್ದು ಎರಡೂ ಫೋನ್ ಒಟ್ಟಿಗೆ ಇಟ್ಟುಕೊಂಡ ಮೇಲೆ.

ಇನ್ನೊಂದು ದೊಡ್ಡ ಗುಣ ಇದರ ಸ್ಟೀಲು. ಮುಂದೆ, ಹಿಂದೆ ಎರಡೂ ಕಡೆ ಸ್ಟೀಲಿನ ಹೊದಿಕೆ ಇದೆ. ಬೆಳಗ್ಗೆ ಮುಟ್ಟಿದರೆ ತಣ್ಣಗಿರುತ್ತದೆ. ಹಿಂದಿನ ಮುಚ್ಚಳದ ಮೇಲೆ ಕೀಗೊಂಚಲಿನ ಗೀರುಗಳು ತುಂಬಿಹೋಗಿವೆ, ಆದರೆ ಎಲ್ಲೂ ಬಿರುಕು ಇಲ್ಲ. ಕೈಜಾರಿ ಬಿದ್ದರೆ ಮುಚ್ಚಳ ಒಂದು ಕಡೆ, ಬ್ಯಾಟರಿ ಒಂದು ಕಡೆ ಆಗುತ್ತದೆ. ಎತ್ತಿ ಜೋಡಿಸಿ ಆನ್ ಮಾಡಿದರೆ ಮುಗಿಯಿತು. ಅಂಚುಗಳ ಹೊಳಪು ಮಾತ್ರ ಹೋಗಿದೆ. ಇದೇ 6300 ಹೆಸರಿನಲ್ಲಿ 2020ರಲ್ಲಿ ಒಂದು 4ಜಿ ಫೋನ್ ಬಂತು. ಅದು ಪ್ಲಾಸ್ಟಿಕ್, ದಪ್ಪವೂ ಜಾಸ್ತಿ, 13.7 ಮಿಲಿಮೀಟರ್. ಹುಡುಕುವಾಗ ಎರಡನ್ನೂ ಕಲಸಿಕೊಳ್ಳಬೇಡಿ.

ಕೀಪ್ಯಾಡ್ ವಿಷಯದಲ್ಲಿ ನನಗೆ ಎರಡು ಮನಸ್ಸು. ಅಗಲ ಕಮ್ಮಿ ಅಂದ ಮೇಲೆ ಕೀಗಳೂ ಚಿಕ್ಕವೇ. ನಂಬರ್ ಕೀಗಳು ಪರವಾಗಿಲ್ಲ, ಸಾಲಿಗೂ ಸಾಲಿಗೂ ನಡುವೆ ಉಬ್ಬು ಇರುವುದರಿಂದ ನೋಡದೆಯೇ ಒತ್ತಬಹುದು. ಮೇಲೆ ಇರುವ ಚೌಕದ ಕೀ ಕಷ್ಟ ಕೊಡುತ್ತದೆ. ನಡುವಿನ ಓಕೆ ಒತ್ತಲು ಹೋದರೆ ಸುತ್ತಲಿನ ಪಟ್ಟಿಗೆ ಬೆರಳು ತಗುಲಿ ಬೇರೇನೋ ತೆರೆದುಕೊಳ್ಳುತ್ತದೆ. ದಪ್ಪ ಬೆರಳಿನವರು ಉಗುರಿನಲ್ಲೇ ಒತ್ತಬೇಕು. ಕಣ್ಣು ಮಂಜಾಗಿರುವ ಹಿರಿಯರಿಗೆ ಕೊಡಬೇಕು ಅಂತ ಇದ್ದರೆ ಇದು ಬೇಡ, ದೊಡ್ಡ ಕೀ ಇರುವ ಬೇರೆ ಫೋನ್ ನೋಡಿ.

ಮೆಸೇಜ್ ಬರೆಯುವುದೂ ನಿಧಾನ. ನಾನು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತೇನೆ, ಹಾಗಾಗಿ ಪದ ಊಹಿಸುವ ಡಿಕ್ಷನರಿ ಆಫ್ ಮಾಡಿಟ್ಟಿದ್ದೇನೆ. ಸುಮ್ನೆ ‘ಬರ್ತೀನಿ’ ಅಂತ ಏಳು ಇಂಗ್ಲಿಷ್ ಅಕ್ಷರ ಬರೆಯಲು 15 ಸಲ ಕೀ ಒತ್ತಬೇಕು. ಮೊದಲು 2ನ್ನು ಎರಡು ಸಲ ಒತ್ತಿ ‘ಬಿ’ ತರಬೇಕು. ಮುಂದಿನ ‘ಎ’ ಕೂಡ ಅದೇ ಕೀಯಲ್ಲಿದೆ, ಆದ್ದರಿಂದ ಕರ್ಸರ್ ಮುಂದೆ ಹೋಗುವ ತನಕ ಕಾಯಬೇಕು. ಆಮೇಲೆ ‘ಆರ್’ಗೆ 7ನ್ನು ಮೂರು ಸಲ. ಕೈ ಪಳಗಿದರೆ ವೇಗ ಬರುತ್ತದೆ, ನಿಜ. ಆದರೂ ನಾನು ಈಗ ಇದರಲ್ಲಿ ಎರಡು ಪದಕ್ಕಿಂತ ಜಾಸ್ತಿ ಬರೆಯುವುದಿಲ್ಲ. ಫೋನ್ ಮಾಡಿ ಹೇಳಿಬಿಡುತ್ತೇನೆ.

ಮಾತಾಡುವುದಕ್ಕೆ ಮಾತ್ರ ಇದು ಬಹಳ ಒಳ್ಳೇ ಫೋನ್. ಅವೆನ್ಯೂ ರೋಡಿನ ಹೋಲ್‌ಸೇಲ್ ಅಂಗಡಿಗಳ ಗಲಾಟೆಯಲ್ಲಿ ನಿಂತು ಮಾತಾಡಿದರೂ ಆ ಕಡೆಯವರ ಮಾತು ಸ್ಪಷ್ಟವಾಗಿ ಕೇಳುತ್ತದೆ. ಕೆಂಪು ಕೀ ಒತ್ತಿದರೆ ಕಾಲ್ ಕಟ್ ಆಯಿತು ಅಂತ ಬೆರಳಿಗೇ ಗೊತ್ತಾಗುತ್ತದೆ. ಕಿವಿ ತಗುಲಿ ಮ್ಯೂಟ್ ಆಗುವ ರಗಳೆ ಇಲ್ಲ. ಅಲಾರಂ ಇಟ್ಟು ಫೋನ್ ಆಫ್ ಮಾಡಿದರೂ ಸಮಯಕ್ಕೆ ಸರಿಯಾಗಿ ಬಡಿಯುತ್ತದೆ. ಹಳೇ ನೋಕಿಯಾಗಳ ಈ ಅಭ್ಯಾಸವನ್ನು ಎಲ್ಲ ಫೋನುಗಳೂ ಕಲಿಯಬೇಕಿತ್ತು.

ಈಗ ಬ್ಯಾಟರಿಗೆ ಬರೋಣ. ತೆಳುವಾಗಿದ್ದಕ್ಕೆ ಬೆಲೆ ತೆತ್ತಿರುವುದು ಇಲ್ಲೇ. ಇದರ ಬ್ಯಾಟರಿ ಬಿಎಲ್-4ಸಿ, 860 ಎಂಎಎಚ್. ಅದೇ ಕಾಲದ ಸಾಧಾರಣ ನೋಕಿಯಾಗಳಲ್ಲಿ ಇದ್ದ ಬಿಎಲ್-5ಸಿ ಇದಕ್ಕಿಂತ ಜಾಸ್ತಿ ಹೊತ್ತು ಬರುತ್ತಿತ್ತು. ಉದ್ದ ಅಗಲ ಹೆಚ್ಚುಕಮ್ಮಿ ಒಂದೇ, ಆದರೆ 5ಸಿ ದಪ್ಪ. 6300ರ ಒಳಗೆ ಅದಕ್ಕೆ ಜಾಗ ಇಲ್ಲ. ಕಂಪನಿ ಹೇಳಿದ್ದು ಸುಮ್ಮನೆ ಇಟ್ಟರೆ 348 ಗಂಟೆ, ಮಾತಾಡಿದರೆ ಮೂರೂವರೆ ಗಂಟೆ. ಮೊದಲನೆಯದು ಕೇಳಲು ಚೆಂದ. ವ್ಯಾಪಾರದವರಿಗೆ ಮುಖ್ಯ ಎರಡನೆಯದು. ಶಾಲೆ ಶುರುವಾಗುವ ಮೇ, ಜೂನ್ ತಿಂಗಳಲ್ಲಿ ನನಗೆ ಸಂಜೆಯೊಳಗೆ ಒಮ್ಮೆ ಚಾರ್ಜ್ ಮಾಡಲೇಬೇಕು. ಉಳಿದ ದಿನಗಳಲ್ಲಿ ಎರಡು ದಿನಕ್ಕೆ ಮೋಸ ಇಲ್ಲ. ತೆಳು ಪಿನ್ನಿನ ಹಳೇ ಚಾರ್ಜರ್ ಬೇಕು, ಟೈಪ್-ಸಿ ಕೇಬಲ್ ಇದಕ್ಕೆ ಹೊಂದುವುದಿಲ್ಲ.

2007ರ ಆಗಸ್ಟಿನಲ್ಲಿ ಬಿಎಲ್-5ಸಿ ಬ್ಯಾಟರಿ ಬಿಸಿಯಾಗುತ್ತದೆ ಅಂತ ಸುದ್ದಿ ಬಂದಿದ್ದು ನಿಮಗೂ ನೆನಪಿರಬಹುದು. ಮತ್ಸುಶಿತಾ ಕಂಪನಿ ತಯಾರಿಸಿದ 4.6 ಕೋಟಿ ಬ್ಯಾಟರಿಗಳಲ್ಲಿ ದೋಷ ಇರಬಹುದು, ಬದಲಾಯಿಸಿ ಕೊಡುತ್ತೇವೆ ಅಂತ ನೋಕಿಯಾ ಹೇಳಿತ್ತು. ನಮ್ಮ 4ಸಿ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಅವತ್ತಿನಿಂದ ಮುಚ್ಚಳ ತೆಗೆದು ಬ್ಯಾಟರಿ ನೋಡುವ ಅಭ್ಯಾಸ ನನಗೆ ಬಂತು, ಅದು ಮುಂದೆ ಉಪಯೋಗಕ್ಕೂ ಬಂತು.

ಯಾಕೆಂದರೆ ಮೂಲ ಬ್ಯಾಟರಿ ಇಷ್ಟು ವರ್ಷ ಬಾಳುವುದಿಲ್ಲ, ಬದಲಾಯಿಸಲೇಬೇಕು. ಎಸ್.ಪಿ. ರೋಡ್, ನ್ಯಾಷನಲ್ ಮಾರ್ಕೆಟ್ ಕಡೆ ಬಿಎಲ್-4ಸಿ ಈಗಲೂ ಧಾರಾಳವಾಗಿ ಸಿಗುತ್ತದೆ. ಒರಿಜಿನಲ್ ಸಿಗುವುದು ಕಷ್ಟ. ಒಂದು ಅಂಗಡಿಯಲ್ಲಿ “ಒರಿಜಿನಲ್ಲೇ ಸಾರ್, ಗ್ಯಾರಂಟಿ” ಅಂತ ಕೊಟ್ಟ ಬ್ಯಾಟರಿ ಕೆಲವೇ ತಿಂಗಳಲ್ಲಿ ಉಬ್ಬಿತು. ಮೊದಲು ಗೊತ್ತಾಗಿದ್ದು ಮುಚ್ಚಳದಿಂದ. ಸ್ಟೀಲಿನ ಮುಚ್ಚಳ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಎದ್ದಿತ್ತು, ಬೆರಳಿಟ್ಟು ಒತ್ತಿದರೆ ಟಕ್ ಅಂತ ಕೂರುತ್ತಿತ್ತು, ಬಿಟ್ಟರೆ ಮತ್ತೆ ಏಳುತ್ತಿತ್ತು. ದಪ್ಪ ಫೋನಿನಲ್ಲಿ ಸ್ವಲ್ಪ ಉಬ್ಬಿದರೂ ಹೊರಗೆ ಕಾಣುವುದಿಲ್ಲ. ಇದರಲ್ಲಿ ಒಂದಿಷ್ಟೂ ಸಡಿಲ ಇಲ್ಲ, ಹಾಗಾಗಿ ಬೇಗ ಗೊತ್ತಾಗುತ್ತದೆ. ಅನುಮಾನ ಬಂದರೆ ಬ್ಯಾಟರಿ ಹೊರಗೆ ತೆಗೆದು ಗಾಜಿನ ಮೇಲಿಟ್ಟು ತಿರುಗಿಸಿ. ಚೆನ್ನಾಗಿರುವ ಬ್ಯಾಟರಿ ಅಲ್ಲೇ ನಿಲ್ಲುತ್ತದೆ. ಉಬ್ಬಿದ್ದು ಬುಗುರಿ ಹಾಗೆ ತಿರುಗುತ್ತದೆ. ತಿರುಗಿದರೆ ಅದನ್ನು ಮತ್ತೆ ಹಾಕಬೇಡಿ, ಚುಚ್ಚಬೇಡಿ, ಮನೆ ಕಸಕ್ಕೆ ಎಸೆಯಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ನೆಟ್‌ವರ್ಕ್ ಬಗ್ಗೆ ಸರಿಯಾಗಿ ತಿಳಿದುಕೊಂಡು ಕೊಳ್ಳಿ. ಇದು ಬರೀ 2ಜಿ ಫೋನ್. ಜಿಯೋ ಸಿಮ್ ಇದರಲ್ಲಿ ನಡೆಯುವುದೇ ಇಲ್ಲ, ಯಾಕೆಂದರೆ ಅವರು ಶುರುವಿನಿಂದಲೂ 2ಜಿ ಕೊಟ್ಟೇ ಇಲ್ಲ. ಏರ್‌ಟೆಲ್, ವಿ (ವೊಡಾಫೋನ್ ಐಡಿಯಾ), ಬಿಎಸ್‌ಎನ್‌ಎಲ್ ಈಗಲೂ 2ಜಿ ಇಟ್ಟುಕೊಂಡಿವೆ. ಹೊಸ ಸಿಮ್ ತೆಗೆದುಕೊಂಡಾಗ ಕಾರ್ಡಿನಿಂದ ದೊಡ್ಡ ಅಳತೆಗೇ ಮುರಿದುಕೊಳ್ಳಿ. ನ್ಯಾನೋ ಅಳತೆಗೆ ಮುರಿದು ಆಮೇಲೆ ಅಡಾಪ್ಟರಿನಲ್ಲಿ ಕೂರಿಸಿದರೆ ತೆಗೆಯುವಾಗ ಒಳಗಿನ ಪಿನ್ನಿಗೆ ಸಿಕ್ಕಿಕೊಳ್ಳುವ ಭಯ ಇದೆ.

ಸಿಗ್ನಲ್ ವೀಕ್ ಇರುವ ಕಡೆ ಬ್ಯಾಟರಿ ಬೇಗ ಇಳಿಯುತ್ತದೆ. ಟವರ್ ದೂರ ಆದಷ್ಟೂ ಫೋನ್ ಜಾಸ್ತಿ ಶಕ್ತಿ ಹಾಕಿ ಕೂಗಬೇಕು. 2ಜಿಯಲ್ಲಿ ಅದು 2 ವ್ಯಾಟ್ ತನಕ ಹೋಗಬಹುದು. ರೇಡಿಯೋ ಅಥವಾ ಸ್ಪೀಕರ್ ಪಕ್ಕ ಈ ಫೋನ್ ಇಟ್ಟರೆ ಕಾಲ್ ಬರುವ ಮುಂಚೆ ‘ಟಿಟ್ಟಿಟ್ ಟಿಟ್ಟಿಟ್’ ಅಂತ ಸದ್ದು ಬರುತ್ತದಲ್ಲ, ಅದೂ ಇದೇ ಕಾರಣಕ್ಕೆ. 2ಜಿ ಫೋನ್ ಒಂದೇ ಸಮ ಮಾತಾಡುವುದಿಲ್ಲ, ತನ್ನ ಸರದಿ ಬಂದಾಗ ಮಾತ್ರ ಸೆಕೆಂಡಿಗೆ ಸುಮಾರು 217 ಸಲ ಬಿಟ್ಟು ಬಿಟ್ಟು ಸಿಗ್ನಲ್ ಕಳಿಸುತ್ತದೆ. ಸ್ಪೀಕರ್ ಅದನ್ನು ಹಿಡಿದುಬಿಡುತ್ತದೆ. ನಮ್ಮ ಅಂಗಡಿಯಲ್ಲಿ ರಿಂಗ್ ಆಗುವ ಮೊದಲೇ ರೇಡಿಯೋ ಹೇಳುತ್ತದೆ, ಕಾಲ್ ಬಂತು ಅಂತ.

ರೇಡಿಯೋ ಅಂದ ಮೇಲೆ ನೆನಪಾಯಿತು, ಫೋನಿನಲ್ಲೂ ಎಫ್ಎಂ ಇದೆ. 101.3, 102.9 ಎರಡೂ ಚೆನ್ನಾಗಿ ಬರುತ್ತವೆ. ಇಯರ್‌ಫೋನಿನ ವೈರೇ ಆಂಟೆನಾ, ಅದಿಲ್ಲದೆ ರೇಡಿಯೋ ಇಲ್ಲ. ಜ್ಯಾಕ್ 2.5 ಮಿಲಿಮೀಟರಿನದು, ಈಗಿನ ಇಯರ್‌ಫೋನ್ ಹೋಗುವುದಿಲ್ಲ. ಕ್ಯಾಮೆರಾ 2 ಮೆಗಾಪಿಕ್ಸೆಲ್, ಫ್ಲ್ಯಾಶ್ ಇಲ್ಲ, ಫೋಕಸ್ ಬದಲಾಗುವುದಿಲ್ಲ. ಬಿಲ್ಲಿನ ಫೋಟೋ ತೆಗೆದರೆ ಅಕ್ಷರ ಓದಲು ಆಗಲ್ಲ. 2 ಇಂಚಿನ ಪರದೆ ಮಾತ್ರ ಈಗಲೂ ಚೊಕ್ಕ, ಅಕ್ಷರಗಳು ಚೂಪಾಗಿ ಕಾಣುತ್ತವೆ.

ಬೆಂಗಳೂರಿನಲ್ಲಿ ಇದೊಂದೇ ಫೋನಿನಲ್ಲಿ ಬದುಕಬಹುದಾ ಅಂತ ಕೇಳಿದರೆ, ಕಷ್ಟ ಅಂತಲೇ ಹೇಳುತ್ತೇನೆ. ವಾಟ್ಸಾಪ್ ಇಲ್ಲ. ಇದರಲ್ಲಿರುವ ಸಾಫ್ಟ್‌ವೇರ್ ಎಸ್40, ಅಂಥ ನೋಕಿಯಾ ಫೋನುಗಳಿಗೆ ವಾಟ್ಸಾಪ್ ಕೊಡುತ್ತಿದ್ದ ಬೆಂಬಲ 2018ರ ಡಿಸೆಂಬರಿಗೇ ಮುಗಿಯಿತು. ಬ್ರೌಸರ್ ಇದೆ, ಆದರೆ ಈಗಿನ ಸೈಟುಗಳ ಭದ್ರತೆ ಅದಕ್ಕೆ ಅರ್ಥವಾಗುವುದಿಲ್ಲ, ತೆರೆಯುವುದೇ ಇಲ್ಲ. ಮೆಟ್ರೋ ಸಮಸ್ಯೆ ಅಲ್ಲ. ಕ್ಯೂಆರ್ ಟಿಕೆಟ್ ಆಗದಿದ್ದರೂ ಸ್ಮಾರ್ಟ್‌ಕಾರ್ಡ್ ಇದೆ, ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಹತ್ತಿ ಚಿಕ್ಕಪೇಟೆಯಲ್ಲಿ ಇಳಿಯುವುದಕ್ಕೆ ಅಷ್ಟು ಸಾಕು. ಆಟೋಗೆ ಆ್ಯಪ್ ಇಲ್ಲ, ರಸ್ತೆಯಲ್ಲಿ ಕೈ ಅಡ್ಡ ಹಾಕಬೇಕು.

ದುಡ್ಡಿನ ವಿಷಯಕ್ಕೆ ಎರಡು ದಾರಿ ಇವೆ. *99# ಒತ್ತಿ ಬ್ಯಾಲೆನ್ಸ್ ನೋಡಬಹುದು, ಹಣ ಕಳಿಸಬಹುದು. 2022ರ ಮಾರ್ಚಿನಲ್ಲಿ ಕೀಪ್ಯಾಡ್ ಫೋನುಗಳಿಗೆ ಅಂತಲೇ ಯುಪಿಐ 123ಪೇ ಬಂತು, ಕಾಲ್ ಮಾಡಿಯೇ ಹಣ ಕಳಿಸಬಹುದು. ಒಮ್ಮೆಗೆ ಇದ್ದ 5,000 ರೂಪಾಯಿ ಮಿತಿಯನ್ನು 10,000ಕ್ಕೆ ಏರಿಸುವುದಾಗಿ ರಿಸರ್ವ್ ಬ್ಯಾಂಕ್ 2024ರಲ್ಲಿ ಹೇಳಿತು. ಊರಲ್ಲಿರುವ ಅಮ್ಮನಿಗೆ ಹಣ ಕಳಿಸಲು ಇದು ಸಾಕು. ಆದರೆ ಸೊಪ್ಪಿನ ಗಾಡಿ ಮುಂದೆ, ಹಿಂದೆ ನಾಲ್ಕು ಜನ ಕಾಯುತ್ತಿರುವಾಗ, ಮೆನು ಒಂದೊಂದೇ ಒತ್ತಿಕೊಂಡು ನಿಲ್ಲಲು ಆಗುವುದಿಲ್ಲ. ಜೇಬಲ್ಲಿ ಚಿಲ್ಲರೆ ಇರಲಿ.

ಇನ್ನೊಂದು ತೊಡಕನ್ನು ಯಾರೂ ಮೊದಲೇ ಹೇಳುವುದಿಲ್ಲ. ಸ್ಮಾರ್ಟ್‌ಫೋನಿನಲ್ಲಿ ಯುಪಿಐ ಆ್ಯಪ್ ಶುರು ಮಾಡಬೇಕಾದರೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿ ಇರಬೇಕು, ಅಲ್ಲಿಂದಲೇ ಮೆಸೇಜ್ ಹೋಗುತ್ತದೆ. ಆ ಸಿಮ್ ತೆಗೆದು 6300ಕ್ಕೆ ಹಾಕಿದರೆ ಎರಡರಲ್ಲಿ ಒಂದಕ್ಕೆ ತೊಂದರೆ. ನಾನು ಮಾಡಿಕೊಂಡಿರುವುದು ಹೀಗೆ: ದಿನನಿತ್ಯದ ಯುಪಿಐಗೆ ಸ್ವಲ್ಪವೇ ಹಣ ಇರುವ ಒಂದು ಖಾತೆ, ಅದರ ನಂಬರ್ ಸ್ಮಾರ್ಟ್‌ಫೋನಿನಲ್ಲಿ. ಅಂಗಡಿಯ ದೊಡ್ಡ ಖಾತೆಯ ನಂಬರ್ 6300ರಲ್ಲಿ. ಅದರ ಒಟಿಪಿ ಬರುವುದು ಇಲ್ಲಿಗೆ ಮಾತ್ರ. ಮದುವೆ ಕಾಗದ, ಟ್ರಾಫಿಕ್ ದಂಡ ಅಂತ ನಂಬಿಸಿ ಕಳಿಸುವ ಎಪಿಕೆ ಫೈಲುಗಳು (ಸ್ಮಾರ್ಟ್‌ಫೋನಿಗೆ ಕಳ್ಳ ಆ್ಯಪ್ ಹಾಕುವಂಥವು) ಈ ಫೋನಿನಲ್ಲಿ ತೆರೆಯುವುದೇ ಇಲ್ಲ, ಒಟಿಪಿ ಕದಿಯುವ ಮಾತು ದೂರ. ಈ ಒಂದು ನೆಮ್ಮದಿಗಾಗಿಯೇ ನಾನು ಈ ಫೋನನ್ನು ಬಿಟ್ಟಿಲ್ಲ ಅಂದರೂ ಸರಿ. ಮೆಸೇಜ್‌ಗಳನ್ನು ಮಾತ್ರ ಆಗಾಗ ಅಳಿಸುತ್ತಿರಬೇಕು. ಫೋನಿನ ಮೆಮೊರಿ 8 ಎಂಬಿಯೂ ಇಲ್ಲ. ತುಂಬಿದರೆ ಹೊಸ ಒಟಿಪಿ ಒಳಗೆ ಬರುವುದಿಲ್ಲ. 2 ಜಿಬಿ ತನಕ ಮೈಕ್ರೋ ಎಸ್‌ಡಿ ಕಾರ್ಡ್ ಹಾಕಬಹುದು, ಅದು ಹಾಡಿಗೆ, ಫೋಟೋಗೆ.

ಎರಡನೇ ಫೋನಾಗಿ, ಕಾಲ್‌ಗೆ ಮತ್ತು ಒಟಿಪಿಗೆ ಬೇಕು ಅನ್ನುವವರಿಗೆ ನಾನು ಧೈರ್ಯವಾಗಿ ಹೇಳುತ್ತೇನೆ, ತೆಗೆದುಕೊಳ್ಳಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅಂಗಡಿಯಲ್ಲೇ ನಿಮ್ಮ ಸಿಮ್ ಹಾಕಿ ಒಂದು ಕಾಲ್ ಮಾಡಿ, ಎರಡೂ ಕಡೆ ಧ್ವನಿ ಕೇಳುತ್ತದಾ ನೋಡಿ. ಸೊನ್ನೆಯಿಂದ ಒಂಬತ್ತರ ತನಕ ಎಲ್ಲ ಕೀ, ಸ್ಟಾರ್, ಹ್ಯಾಶ್ ಒತ್ತಿ. *99# ಬಳಸುವವರಿಗೆ ಆ ಕೊನೆಯ ಎರಡು ಕೀ ಬೇಕೇ ಬೇಕು. ಚಾರ್ಜರ್ ಪಿನ್ ಹಾಕಿ ಸ್ವಲ್ಪ ಅಲ್ಲಾಡಿಸಿ, ಚಾರ್ಜ್ ನಿಂತು ನಿಂತು ಬಂದರೆ ಬೇರೆ ಪೀಸ್ ಕೇಳಿ. ಹೊಳೆಯುವ ಹೊಸ ಬಾಡಿ ಹಾಕಿ ಮಾರುವುದು ಸಾಮಾನ್ಯ, ಹಾಗಾಗಿ ಗೀರು ಇಲ್ಲದ ಫೋನಿಗೆ ಜಾಸ್ತಿ ದುಡ್ಡು ಕೊಡಬೇಡಿ. ಮುಚ್ಚಳವನ್ನು ಕೈಯಲ್ಲಿ ಹಿಡಿದು ನೋಡಿ, ಅದು ಸ್ಟೀಲೇ ಆಗಿರಬೇಕು.