ಟೇಬಲ್ ಮೇಲಿನ ಎಸ್‌ಪಿಆರ್ ಯಂತ್ರ: ಮಡಿಕೇರಿ ಮಳೆಗೆ ತಡೆದೀತೆ?

ಎಸ್‌ಪಿಆರ್ ಅಂದರೆ ಸರ್ಫೇಸ್ ಪ್ಲಾಸ್ಮಾನ್ ರೆಸೊನೆನ್ಸ್, ಅಣುಗಳು ಒಂದಕ್ಕೊಂದು ಅಂಟುವುದನ್ನು ಬೆಳಕಿನಿಂದ ಅಳೆಯುವ ವಿಧಾನ. ಪ್ರಿಸಂ ಮೇಲೆ ಸುಮಾರು 50 ನ್ಯಾನೋಮೀಟರ್ ಚಿನ್ನದ ಲೇಪ, ಕೆಳಗಿನಿಂದ ಬೆಳಕು. ಚಿನ್ನದ ಮೇಲೆ ಕೂರಿಸಿದ ಪ್ರತಿಕಾಯಕ್ಕೆ (ಆಂಟಿಬಾಡಿ) ಪ್ರತಿಜನಕ (ಅದು ಹಿಡಿಯುವ ಗುರಿ ಅಣು) ಅಂಟಿದರೆ ಅನುರಣನದ ಕೋನ, ಅಂದರೆ ಮರಳುವ ಬೆಳಕು ತೀರ ಮಂಕಾಗುವ ಕೋನ, ಸರಿಯುತ್ತದೆ. ಅಣುವಿಗೆ ಹೊಳೆಯುವ ಬಣ್ಣದಂಥ ಲೇಬಲ್ ಅಂಟಿಸುವ ಗೋಜಿಲ್ಲ. ಅಳತೆಯ ಮಟ್ಟಿಗೆ ಈ ಎರಡು ಚಾನೆಲ್ ಯಂತ್ರ ಕೊಟ್ಟ ಕಾಸಿಗೆ ಮೋಸ ಮಾಡುವುದಿಲ್ಲ.

ತಲೆನೋವು ಉಷ್ಣತೆಯದ್ದು. ಬಫರ್ (ಚಿನ್ನದ ಮೇಲೆ ಹರಿಯುವ ದ್ರಾವಣ) 1 ಡಿಗ್ರಿ ಏರಿಳಿದರೆ ಸಿಗ್ನಲ್ ಸುಮಾರು 100 ಆರ್‌ಯು (ರೆಸ್ಪಾನ್ಸ್ ಯೂನಿಟ್, ಸಿಗ್ನಲ್ಲಿನ ಮಾನ) ಜಾರುತ್ತದೆ. ಸಣ್ಣ ಪ್ರತಿಜನಕದ ಸುದ್ದಿಯೆಲ್ಲ ಅದರಲ್ಲೇ ಮುಳುಗೀತು. ಪ್ರತಿಕಾಯವಿಲ್ಲದ ರೆಫರೆನ್ಸ್ ಚಾನೆಲ್ಲಿನ ಸಿಗ್ನಲ್ ಕಳೆಯದೆ ಅಂಕಿ ನಂಬಬೇಡಿ. ಬಫರಿನ ಗಾಳಿ ತೆಗೆಯದಿದ್ದರೆ ಗುಳ್ಳೆ ಬಂದು ಗ್ರಾಫ್ ಚಂಗನೆ ಹಾರುತ್ತದೆ.

ಜುಲೈ ತಿಂಗಳ ತೇವಕ್ಕೆ ಮೊದಲು ಕೆಡುವುದು ಯಂತ್ರವಲ್ಲ, ಇಡಿಸಿ ಪುಡಿ; ಪ್ರತಿಕಾಯವನ್ನು ಚಿಪ್‌ಗೆ (ಚಿನ್ನ ಲೇಪಿಸಿದ ಗಾಜು) ಬೆಸೆಯುವ ರಾಸಾಯನಿಕ ಅದು. ಫ್ರೀಜರಿನಿಂದ ತೆಗೆದ ಬಾಟಲಿಯ ತಣುಪು ಬಿಡುವ ಮೊದಲೇ ಮುಚ್ಚಳ ತೆರೆದರೆ ಪಸೆ ಹೀರುತ್ತದೆ, ಆಮೇಲೆ ಪ್ರತಿಕಾಯ ಕೂರುವುದೇ ಇಲ್ಲ. 0.4 ಮೋಲಾರ್ ಇಡಿಸಿ, ಅದರ ಜೊತೆಗಾರ 0.1 ಮೋಲಾರ್ ಎನ್‌ಎಚ್‌ಎಸ್ ಸಮಪಾಲು, ಆ ಗಳಿಗೆಯಲ್ಲೇ ಬೆರೆಸಿ 7 ನಿಮಿಷ ಹರಿಸಿ. ಪ್ರತಿಕಾಯಕ್ಕೆ ಪಿಎಚ್ 5ರ ಅಸಿಟೇಟ್. ಟ್ರಿಸ್ ಬಫರ್ ಬೇಡ, ಅದರ ಅಮೈನೇ ಜಾಗ ಹಿಡಿಯುತ್ತದೆ. ಉಳಿದ ಜಾಗ ಮುಚ್ಚಲು ಎಥನೋಲಮೈನ್. ಅಂಟಿದ ಪ್ರತಿಜನಕ ಬಿಡಿಸಿ ಚಿಪ್ ತೊಳೆಯಲು 10 ಮಿಲಿಮೋಲಾರ್ ಗ್ಲೈಸಿನ್, ಪಿಎಚ್ 2, 30 ಸೆಕೆಂಡ್ ಸಾಕು.

ಕರೆಂಟ್ ಹೋಗಿ ಬಂದರೆ ಬೇಸ್‌ಲೈನ್ (ಏನೂ ಅಂಟದಿದ್ದಾಗಿನ ಸಿಗ್ನಲ್) ಸ್ಥಿರವಾಗಿ ನಿಲ್ಲುವ ತನಕ ಮತ್ತೆ ಕಾಯಬೇಕು. ಬೆಲೆಗೆ ಯುಪಿಎಸ್ ಖರ್ಚನ್ನೂ ಸೇರಿಸಿಕೊಳ್ಳಿ.