ಆರ್ಮಿ ಫುಟ್‌ಬಾಲ್ 2003: ಹದಿಮೂರಕ್ಕೆ ಹದಿಮೂರೂ ಸೋಲು

ರೇಟಿಂಗ್: ಐದಕ್ಕೆ ಒಂದು. ಆ ಒಂದೂ ಮೈದಾನಕ್ಕೆ, ಆಟಕ್ಕಲ್ಲ.

ಅಮೆರಿಕದ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟ್‌ನ ತಂಡವನ್ನು ಎಲ್ಲರೂ ಕರೆಯುವುದು ಆರ್ಮಿ ಅಂತಲೇ. ಇಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಆಡುವ ಅಮೆರಿಕನ್ ಫುಟ್‌ಬಾಲ್. 2003ರಲ್ಲಿ ಈ ತಂಡ 13 ಪಂದ್ಯ ಆಡಿ 13ನ್ನೂ ಸೋತಿತು. ಮೇಲ್ದರ್ಜೆಯ ಕಾಲೇಜು ಫುಟ್‌ಬಾಲ್‌ನಲ್ಲಿ 0-13 (ಮೊದಲು ಗೆಲುವು, ಆಮೇಲೆ ಸೋಲು) ಅನ್ನುವ ಲೆಕ್ಕ ಅದುವರೆಗೆ ಯಾರ ಹೆಸರಿನ ಮುಂದೆಯೂ ಇರಲಿಲ್ಲ. ಆ ವರ್ಷ ಒಂದು ತಂಡ ಆಡಬಹುದಾಗಿದ್ದದ್ದು 12 ಪಂದ್ಯ. ಹವಾಯಿಗೆ ಹೋಗಿ ಆಡುವವರಿಗೆ ಮಾತ್ರ ಇನ್ನೊಂದಕ್ಕೆ ಅವಕಾಶ. ಆರ್ಮಿ ಆ ಅವಕಾಶವನ್ನೂ ಬಿಡಲಿಲ್ಲ, ಅಲ್ಲೂ ಸೋತು ಬಂತು.

ಒಳ್ಳೆಯ ಹುಡುಗರು ಸಿಗಲಿಲ್ಲ, ಅದಕ್ಕೇ ಸೋತರು ಅನ್ನುವುದು ಸುಲಭದ ಉತ್ತರ. ಅದರಲ್ಲಿ ಅರ್ಧ ಮಾತ್ರ ನಿಜ. ವೆಸ್ಟ್ ಪಾಯಿಂಟ್‌ಗೆ ಸೇರಲು ಸಂಸದರ ಶಿಫಾರಸು ಬೇಕು, ಓದಿನಲ್ಲಿ ಮುಂದಿರಬೇಕು, ದೈಹಿಕ ಪರೀಕ್ಷೆ ಪಾಸಾಗಬೇಕು. ಮುಗಿದ ಮೇಲೆ ಐದು ವರ್ಷ ಸೇನೆಯಲ್ಲಿ ಕೆಲಸ. 2003ರಲ್ಲಂತೂ ಇರಾಕ್ ಯುದ್ಧ ನಡೆಯುತ್ತಿತ್ತು. ವೃತ್ತಿಪರ ಲೀಗಿನ ಕನಸಿರುವ 140 ಕೆಜಿ ಲೈನ್‌ಮನ್, ಅಂದರೆ ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಯನ್ನು ತಡೆಯುವವನು, ಈ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ಈ ಕಟ್ಟುಪಾಡುಗಳೆಲ್ಲ ನೌಕಾ ಅಕಾಡೆಮಿಯ ನೇವಿ ತಂಡಕ್ಕೂ ಇದ್ದವು. ನೇವಿ 2001ರಲ್ಲಿ 0-10. ಪಾಲ್ ಜಾನ್ಸನ್ ಕೋಚ್ ಆಗಿ ಬಂದ ಮೇಲೆ 2002ರಲ್ಲಿ 2-10, 2003ರಲ್ಲಿ 8-5. ಹಾಗಾದರೆ ಆರ್ಮಿ ಎಡವಿದ್ದೆಲ್ಲಿ?

ಉತ್ತರ ಆಟದ ಪದ್ಧತಿಯಲ್ಲಿದೆ. ಆರ್ಮಿ 1984ರಿಂದ ಆಡುತ್ತಿದ್ದದ್ದು ವಿಶ್‌ಬೋನ್, ಅಂದರೆ ಚೆಂಡು ಎಸೆಯುವುದಕ್ಕಿಂತ ಹಿಡಿದು ಓಡುವುದನ್ನೇ ನಂಬಿದ ಆಪ್ಷನ್ ಆಟ. 1996ರಲ್ಲಿ ಅದರಿಂದಲೇ 10-2 ಬಂದಿತ್ತು. 1999ರ ಕೊನೆಗೆ ಕೋಚ್ ಬಾಬ್ ಸಟನ್ ಅವರನ್ನು ತೆಗೆದು, ಇಲಿನಾಯ್ ಸ್ಟೇಟ್‌ನಿಂದ ಟಾಡ್ ಬೆರ್ರಿ ಅವರನ್ನು ತಂದರು. ಅವರು ಆಪ್ಷನ್ ಬಿಟ್ಟು ಪಾಸ್ ಆಟ ಹಿಡಿದರು. ಇಡೀ ಅನಾಹುತದ ಬೇರು ಇದೇ.

ಯಾಕೆ ಅನ್ನುವುದಕ್ಕೆ ಲೈನ್ ನೋಡಬೇಕು. ಪಾಸ್ ಆಟದಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಕೈಗೆ ತಗೊಂಡು ಆಟ ನಡೆಸುವವನು, ಐದೋ ಏಳೋ ಹೆಜ್ಜೆ ಹಿಂದೆ ಸರಿಯುತ್ತಾನೆ. ಅವನಿಗೆ ಮೂರು ಸೆಕೆಂಡಾದರೂ ಸಿಗಬೇಕಾದರೆ ಮುಂದಿನ ಐವರು ಲೈನ್‌ಮನ್‌ಗಳು ಹಿಂದಕ್ಕೆ ಸರಿಯುತ್ತಲೇ ಎದುರಾಳಿಯ ಭಾರ ತಡೆಯಬೇಕು. ಇಲ್ಲಿ ತೂಕ ಮತ್ತು ತೋಳಿನ ಉದ್ದವೇ ಎಲ್ಲ. ಹಗುರ ಲೈನ್ ಕುಸಿದರೆ ಕ್ವಾರ್ಟರ್‌ಬ್ಯಾಕ್ ಚೆಂಡಿನ ಸಮೇತ ನೆಲಕ್ಕೆ, ಆರೇಳು ಗಜ ಹಿಂದಕ್ಕೆ. ಆಮೇಲೆ ಎಸೆಯದೆ ಗತಿಯಿಲ್ಲ, ಅದು ಎದುರಾಳಿಗೂ ಗೊತ್ತು. ಗುರಿ ತಪ್ಪಿದ ಪ್ರತಿ ಪಾಸ್‌ಗೂ ಗಡಿಯಾರ ನಿಲ್ಲುತ್ತದೆ. ಒಂದೇ ನಿಮಿಷದಲ್ಲಿ ಮೂರು ಯತ್ನ ಮುಗಿಸಿ ಚೆಂಡನ್ನು ಎದುರಾಳಿಗೆ ಒದ್ದುಕೊಟ್ಟರೆ, ದಣಿವಾರಿಸಿಕೊಳ್ಳಲು ಕೂತ ಡಿಫೆನ್ಸ್ (ಎದುರಾಳಿಯನ್ನು ತಡೆಯುವ ಗುಂಪು) ಮತ್ತೆ ಎದ್ದು ಬರಬೇಕು. ನಾಲ್ಕನೇ ಕ್ವಾರ್ಟರಿಗೆ ಅವರ ಕಾಲಲ್ಲಿ ಏನು ಉಳಿದಿರುತ್ತದೆ?

ಆಪ್ಷನ್ ಇದಕ್ಕೆ ಉಲ್ಟಾ. ಲೈನ್ ಹಿಂದೆ ಸರಿಯುವುದಿಲ್ಲ, ತಗ್ಗಿ ಮುಂದಕ್ಕೆ ನುಗ್ಗುತ್ತದೆ. ಎದುರಿನ ಇಬ್ಬರನ್ನು ಬೇಕೆಂದೇ ತಡೆಯದೆ ಬಿಡುತ್ತಾರೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಹಿಂದಿನಿಂದ ಓಡಿಬರುವ ಫುಲ್‌ಬ್ಯಾಕ್‌ನ ಹೊಟ್ಟೆಗೆ ಒತ್ತಿ ಹಿಡಿದು ಮೊದಲನೆಯವನನ್ನು ನೋಡುತ್ತಾನೆ. ಅವನು ಫುಲ್‌ಬ್ಯಾಕ್ ಮೇಲೆ ಬಿದ್ದರೆ ಚೆಂಡು ಎಳೆದುಕೊಂಡು ಹೊರಗೆ ಓಡು. ಎರಡನೆಯವನು ನಿನ್ನ ಮೇಲೆ ಬಂದರೆ ಪಕ್ಕದಲ್ಲಿ ಓಡಿಬರುತ್ತಿರುವವನಿಗೆ ಎಸೆ. ಭಾರೀ ದೇಹದ ಇಬ್ಬರನ್ನು ಮುಟ್ಟದೆಯೇ ಲೆಕ್ಕದಿಂದ ಹೊರಗಿಟ್ಟಂತಾಯಿತು. ಏಳೆಂಟು ನಿಮಿಷ ಚೆಂಡು ತಮ್ಮ ಬಳಿಯೇ ಉಳಿಯುತ್ತದೆ, ತಮ್ಮ ಡಿಫೆನ್ಸ್‌ಗೂ ಉಸಿರು ಸಿಗುತ್ತದೆ. ದೋಷ ಇಲ್ಲದಿಲ್ಲ: ಹೊಟ್ಟೆಗೆ ಒತ್ತುವಾಗ ಇಬ್ಬರೂ ಚೆಂಡು ಬಿಗಿ ಹಿಡಿದರೆ ಅದು ಜಾರಿ ನೆಲಕ್ಕೆ ಬೀಳುತ್ತದೆ, ಹದಿನಾಲ್ಕು ಪಾಯಿಂಟ್ ಹಿಂದೆ ಬಿದ್ದರೆ ಬೇಗ ಮೇಲೇಳುವುದು ಕಷ್ಟ.

ಬೆರ್ರಿ ಅವರ ಸೀಸನ್‌ಗಳು: 1-10, 3-8, 1-11. 2003ರಲ್ಲಿ ಮೊದಲ ಆರೂ ಸೋತ ಮೇಲೆ ಅವರನ್ನು ತೆಗೆದರು, ಒಟ್ಟು 5-35. ಉಳಿದ ಏಳನ್ನು ಸಹಾಯಕ ಕೋಚ್ ಜಾನ್ ಮಮ್‌ಫರ್ಡ್ ನೋಡಿಕೊಂಡರು. ಅಷ್ಟು ಹೊತ್ತಿಗೆ ಬೇರೇನೂ ಮಾಡುವಂತಿರಲಿಲ್ಲ. ನಾಲ್ಕು ವರ್ಷ ಎಸೆಯುವ ಹುಡುಗರನ್ನೇ ಆರಿಸಿ ತಂದ ತಂಡಕ್ಕೆ ಸೀಸನ್ ನಡುವೆ ಆಪ್ಷನ್ ಕಲಿಸಲಾಗದು. ಎದುರಿನ ಇಬ್ಬರನ್ನು ಗಮನಿಸುವ ಆ ಎರಡು ನೋಟಗಳು ಕೈಗೆ ಹತ್ತಲು ವರ್ಷಗಟ್ಟಲೆ ಅಭ್ಯಾಸ ಬೇಕು.

ಜೊತೆಗೆ ಲೀಗ್ ಆರಿಸಿಕೊಂಡದ್ದರಲ್ಲೂ ತಪ್ಪು. 1998ರಲ್ಲಿ ಸೇರಿದ ಕಾನ್ಫರೆನ್ಸ್ ಯುಎಸ್‌ಎಯಲ್ಲಿ ಏಳು ವರ್ಷದ ಲೆಕ್ಕ 9-41. ಲೂಯಿವಿಲ್, ಟಿಸಿಯು (ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ) ತರಹದವರ ಎದುರು ಪ್ರತಿ ವರ್ಷ ಅವರದೇ ಆಟ ಆಡಿ ಗೆಲ್ಲುತ್ತೇವೆ ಅಂದುಕೊಂಡದ್ದು ದುಡುಕು.

ಕೊನೆಯ ಪಂದ್ಯ ಫಿಲಡೆಲ್ಫಿಯಾದಲ್ಲಿ, ಆಪ್ಷನ್ ಆಡುತ್ತಿದ್ದ ನೇವಿ ವಿರುದ್ಧ; 34-6ರಲ್ಲಿ ಸೋಲು. ಎರಡೂ ಪದ್ಧತಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕೆಂದರೆ ಇದೊಂದೇ ಸಾಕು, ಬೇರೆ ಹನ್ನೆರಡನ್ನು ಬಿಡಬಹುದು.

ಮೈದಾನದ ಬಗ್ಗೆ ಮಾತ್ರ ದೂರಿಲ್ಲ. ಹಡ್ಸನ್ ನದಿ ಕಣಿವೆಯ ಮಿಚಿ ಸ್ಟೇಡಿಯಂ 1924ರದ್ದು, ಪಕ್ಕದಲ್ಲೇ ಲಸ್ಕ್ ಜಲಾಶಯ. ಆರ್ಮಿ ಅಂಕ ಗಳಿಸಿದಾಗಲೆಲ್ಲ ಕೆಡೆಟ್‌ಗಳು ಅಷ್ಟೇ ಸಂಖ್ಯೆಯ ದಂಡ (ಪುಷ್-ಅಪ್) ಹೊಡೆಯುವ ಪದ್ಧತಿಯಿದೆ. ಆ ವರ್ಷ ತೋಳುಗಳಿಗೆ ಹೆಚ್ಚು ಕೆಲಸ ಬೀಳಲಿಲ್ಲ ಬಿಡಿ.

2003ರ ಡಿಸೆಂಬರ್‌ನಲ್ಲಿ ಕೋಚ್ ಆಗಿ ಬಂದ ಬಾಬಿ ರಾಸ್ ದೊಡ್ಡ ಹೆಸರು, ಆದರೆ ಅವರೂ ಆಪ್ಷನ್‌ಗೆ ಮರಳಲಿಲ್ಲ. ಸತತ ಸೋಲು 19ಕ್ಕೆ ಹೋಗಿ 2004ರಲ್ಲಿ ನಿಂತಿತು. 2008ರಲ್ಲಿ ಕೋಚ್ ಸ್ಟ್ಯಾನ್ ಬ್ರಾಕ್ ಆಪ್ಷನ್ ವಾಪಸ್ ತಂದರು, 2009ರಲ್ಲಿ ಅವರ ಜಾಗಕ್ಕೆ ಬಂದ ರಿಚ್ ಎಲರ್ಸನ್ ಅದನ್ನೇ ಮುಂದುವರಿಸಿದರು, ಮರುವರ್ಷವೇ 7-6; 1996ರ ನಂತರ ಮೊದಲ ಗೆಲುವಿನ ಸೀಸನ್. ನೇವಿಯನ್ನು ಸೋಲಿಸಲು ಮಾತ್ರ 2016ರ ತನಕ ಕಾಯಬೇಕಾಯಿತು.

2023ರಲ್ಲಿ ಕೋಚ್ ಜೆಫ್ ಮಾಂಕೆನ್ ಅವರ ಆರ್ಮಿ ತಂಡವೂ ಕ್ವಾರ್ಟರ್‌ಬ್ಯಾಕನ್ನು ಹಿಂದಕ್ಕೆ ನಿಲ್ಲಿಸುವ ಶಾಟ್‌ಗನ್ ಪದ್ಧತಿಗೆ ಹೋಗಿ 6-6ಕ್ಕೆ ನಿಂತಿತ್ತು. 2024ರಲ್ಲಿ ಹಳೆಯ ಜಾಡಿಗೆ ಮರಳಿತು, 12-2. ಹೊಸ ಲೀಗಿಗೆ ಸೇರಿದ ಮೊದಲ ವರ್ಷವೇ ಪ್ರಶಸ್ತಿ. ಕ್ವಾರ್ಟರ್‌ಬ್ಯಾಕ್ ಬ್ರೈಸನ್ ಡೇಲಿ ಓಡಿಯೇ 32 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ್ದು) ಹಾಕಿದ್ದರು. ಈ ಆಟ ಹೊಸದಾಗಿ ನೋಡುವವರು ಆ ಸೀಸನ್‌ನಿಂದ ಶುರುಮಾಡಿ, 2003ಕ್ಕೆ ಆಮೇಲೆ ಬನ್ನಿ.